ತಾರಸಿಯ ಡ್ರಮ್ಮಿನ ನೀರು

ಶಾಲೆಯಲ್ಲಿ ಪಾಠ ಹೇಳಿ ಬಂದ ಇಂತಿಸಾರ್ ಚೀಲವನ್ನು ಮೆಟ್ಟಿಲ ಮೇಲಿಟ್ಟು, ದಿನದಂತೆ ಮೊದಲು ತಾರಸಿಗೇ ಹತ್ತಿದಳು. ಅವಳ ಮಣ್ಣಿಲ್ಲದ ತೋಟ ಅಲ್ಲಿತ್ತು. ಬಿಳಿ ಪೈಪಿನ ತೂತುಗಳಲ್ಲಿ ಪುದೀನ, ಜರ್ಜೀರ್ ಸೊಪ್ಪು ನಗುತ್ತಿದ್ದವು. ಮೋಟರು ಮಾತ್ರ ಒಣಗಂಟಲಲ್ಲಿ ಗೊರಗುಟ್ಟುತ್ತಿತ್ತು. ಡ್ರಮ್ಮಿನ ಮುಚ್ಚಳ ಎತ್ತಿದಳು. ಬೆಳಗ್ಗೆ ಕಂಠದವರೆಗಿದ್ದ ನೀರು ತಳಕ್ಕಿಳಿದಿತ್ತು.

ಸೋರಿರಬೇಕೆಂದು ಪೈಪುಗಳ ಕೆಳಗೆಲ್ಲ ಕೈಯಾಡಿಸಿದಳು. ಧೂಳು ಹತ್ತಿತೇ ಹೊರತು ತೇವವಿಲ್ಲ. ಬಿಸಿಲಿಗೆ ಗಿಡಗಳೇ ಕುಡಿದವೇನೋ. ಹುಳಿ ಅಳೆಯುವ ಪಿಎಚ್ ಮೀಟರು ಅದ್ದಿದಳು, ಆರರ ಆಸುಪಾಸು. ಹನಿಹನಿಯಾಗಿ ಆಸಿಡ್ ಬೆರೆಸಿ ಅವಳೇ ಇಳಿಸಿದ್ದಷ್ಟು. ನೀರಲ್ಲಿ ಕರಗಿಸಿದ ಗೊಬ್ಬರ ಅಳೆಯುವ ಮೀಟರಿನಲ್ಲೂ ಬೆಳಗಿನ ಅಂಕಿಯೇ.

ಅವಳ ಕೈ ಅಲ್ಲೇ ನಿಂತಿತು. ಗಿಡ ಕುಡಿದಿದ್ದರೆ ನೀರು ಹೋಗಿ ಗೊಬ್ಬರದ ಉಪ್ಪು ಉಳಿದು, ಅಂಕಿ ಏರಬೇಕಿತ್ತು. ಏರಿಲ್ಲವೆಂದರೆ ಯಾರೋ ಮೊಗೆದಿದ್ದಾರೆ.

ಅಮ್ಮಾನಿನ ಆ ಗುಡ್ಡದ ಬೀದಿಗೆ ನಲ್ಲಿ ನೀರು ವಾರಕ್ಕೊಮ್ಮೆ. ಈ ವಾರ ಬಂದಿರಲಿಲ್ಲ. ಮನೆಯಲ್ಲಿದ್ದವರು ಅತ್ತೆ ಫಿಕ್ರಿಯಾ, ತನ್ನ ಎರಡು ತಿಂಗಳ ಕೂಸು ಮೈಸ್, ಇಬ್ಬರೇ.

ಮೆಟ್ಟಿಲು ಇಳಿಯುವಾಗ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅತ್ತೆ ಮೆಟ್ಟಿಲು ಒರೆಸಿದೆ ಅನ್ನಲಿ, ಬಟ್ಟೆ ಒಗೆದೆ ಅನ್ನಲಿ ದೇವರೇ.

ಫಿಕ್ರಿಯಾ ಅಡುಗೆಮನೆಯಲ್ಲಿ ಬೆಂಡೆಕಾಯಿಯ ತೊಟ್ಟು ಕತ್ತರಿಸುತ್ತಿದ್ದಳು.

"ಅತ್ತೆ, ಮೇಲಿನ ಡ್ರಮ್ಮಿಂದ ನೀರು ತಗೊಂಡ್ರಾ?"

"ತಗೊಂಡೆ. ಟ್ಯಾಂಕರಿನವನ ದಾರಿ ಕಾಯ್ತಾ ಕೂತಿದ್ರೆ ನನ್ನ ಮಯ್ಯತ್ತಿನ ಸ್ನಾನಕ್ಕೇ ನೀರು ಬರ್ತಿತ್ತು. ನಿನ್ನ ಸೊಪ್ಪಿಗೆ ಡ್ರಮ್ಮುಗಟ್ಟಲೆ, ಮನೆಯವರಿಗೆ ಒಂದು ತೊಟ್ಟೂ ಇಲ್ಲ. ಚೆನ್ನಾಗಿದೆ ಸಂಸಾರ."

"ಯಾತಕ್ಕೆ ತಗೊಂಡ್ರಿ?"

"ಪಾತ್ರೆಗೆ. ಕಕ್ಕಸಿಗೆ. ಮಗು ಹಾಲುಪುಡಿ ಬಾಟ್ಲಿಗೆ. ಮುಖ ಯಾಕೆ ಹಂಗೆ ಮಾಡ್ತೀಯ? ನಾನೂ ಐದು ಹೆತ್ತೋಳೇ. ಚೆನ್ನಾಗಿ ಕುದಿಸಿದೀನಿ, ಅರ್ಧಕ್ಕರ್ಧ ಇಂಗೋ ಹಾಗೆ."

ಕುದಿಸಿದರೆ ಕ್ರಿಮಿ ಸಾಯುತ್ತದೆ. ಗೊಬ್ಬರದ ಉಪ್ಪು ಸಾಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ತೋಟ ಕಲಿಸಿದ ಹೆಂಗಸು ಮೊದಲ ದಿನವೇ ಎಚ್ಚರಿಸಿದ್ದಳು: ಹಸುಗೂಸಿನ ಹೊಟ್ಟೆಗೆ ಇದು ಹೋದರೆ ರಕ್ತ ಉಸಿರು ಹೊರುವುದನ್ನೇ ಮರೆತುಬಿಡುತ್ತದೆ.

"ಎಷ್ಟು ಬಾಟ್ಲಿ ಆಯ್ತು?"

"ಬೆಳಗಿನಿಂದ ಕುಡೀತಾನೇ ಇದೆ. ಮಧ್ಯಾಹ್ನದ ಮೇಲೆ ಬೇಡ ಅಂತು. ಒಳ್ಳೇ ನಿದ್ದೆ."

ಮೈಸ್ ತೊಟ್ಟಿಲಲ್ಲಿ ಅಲುಗದೆ ಮಲಗಿತ್ತು. ತುಟಿಯ ಬಣ್ಣ ಕಂಡು ಇಂತಿಸಾರ್ ಪರದೆಯನ್ನು ದೂರಿದಳು. ನೀಲಿ ಪರದೆ, ಅದರ ನೆರಳೇ ಇರಬೇಕು. ಮಗುವನ್ನೆತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಬಿಸಿಲಲ್ಲೂ ತುಟಿ, ಉಗುರು ನೀಲಿಯಾಗೇ ಇದ್ದವು.

ಆಸ್ಪತ್ರೆಗೆ ಓಡುವ ಟ್ಯಾಕ್ಸಿಯಲ್ಲಿ ಫಿಕ್ರಿಯಾ ತಸ್ಬೀ ಮಣಿ ಎಣಿಸುವುದನ್ನು ನಡುವೆ ನಿಲ್ಲಿಸಿದಳು.

"ನೀನೇ ಹೇಳಿದ್ದೆಯಲ್ಲೇ. ಬರೀ ನೀರು, ಬಿಸಿಲು, ಅಷ್ಟೇ ಅಂತ."

ಹೇಳಿದ್ದಳು. ಔಷಧಿ ಹೊಡೆದ ಸೊಪ್ಪು ಮುಟ್ಟೆನೆಂದು ಅತ್ತೆ ತಟ್ಟೆ ಸರಿಸಿದ್ದಾಗ, ತಿನ್ನಲಿ ಎಂಬ ಒಂದೇ ಆಸೆಗೆ ಹೇಳಿದ್ದಳು. ಆಮೇಲೆ ಅತ್ತೆ ಅದೇ ಸೊಪ್ಪನ್ನು ಬೀದಿಗೆಲ್ಲ ಹಂಚಿ, ನನ್ನ ಸೊಸೆ ನೀರಿನಲ್ಲೇ ಬೆಳೀತಾಳೆ ಎಂದು ಹೆಮ್ಮೆಪಟ್ಟಿದ್ದಳು. ಆ ಹೆಮ್ಮೆಯನ್ನು ಕೆಡಿಸಲು ಇಂತಿಸಾರ್‌ಗೆ ಮನಸ್ಸಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಳು, "ಏನು ಕುಡಿಸಿದ್ರಿ?"

ಫಿಕ್ರಿಯಾ ಸೊಸೆಯತ್ತ ತಿರುಗಿದಳು. ಇಂತಿಸಾರ್ ಬರೀ ನೀರು ಎಂದು ಇನ್ನೊಮ್ಮೆ ಹೇಳಿದರೆ ಅತ್ತೆಯ ಮುಂದೆ ತನ್ನ ಮಾನ ಉಳಿದೀತು, ಮಗು ಉಳಿಯಲಿಕ್ಕಿಲ್ಲ.

"ಗೊಬ್ಬರ ಬೆರೆಸಿದ ನೀರು, ನೈಟ್ರೇಟ್ ಇದೆ. ನಾನೇ ಬೆರೆಸಿದ್ದು. ಇವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ."

ಡಾಕ್ಟರಮ್ಮ ಮಗುವಿನ ರಕ್ತದ ಹನಿಯೊಂದನ್ನು ಬಿಳಿ ಅರಿವೆಯ ಮೇಲೆ ಬಿಟ್ಟಳು. ಕಾಫಿಯ ಕಲೆಯಂತಿತ್ತು. ಗಾಳಿ ತಾಗಿದರೆ ಕೆಂಪಾಗಬೇಕು ಎಂದಳು. ಮೂವರೂ ಬಗ್ಗಿ ನೋಡಿದರು. ಆಗಲಿಲ್ಲ.

ಡಾಕ್ಟರಮ್ಮ ಔಷಧಿ ಏರಿಸಿದಳು, ಮೂಗಿಗೆ ಆಮ್ಲಜನಕ ಹಚ್ಚಿದಳು. "ಕಾಯಬೇಕು. ಹೇಳಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಹೃದಯದ ತೊಂದರೆ ಅಂತ ಹುಡುಕ್ತಾ ಹೊತ್ತು ಕಳೀತಿದ್ವಿ."

ಹಾಸಿಗೆಯ ಆಚೆ ಅತ್ತೆ, ಈಚೆ ಸೊಸೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಕಣ್ಣೂ ಆ ಪುಟ್ಟ ತುಟಿಯ ಮೇಲೆ. ಎಷ್ಟೋ ಹೊತ್ತಿನ ಮೇಲೆ ಅದರ ಅಂಚಿನಲ್ಲಿ ನೀಲಿ ತುಸು ತಿಳಿಯಾದಂತಾಯಿತು. ತನ್ನ ಆಸೆಯೇ ಕಣ್ಣಿಗೆ ಬಣ್ಣ ತೋರಿಸುತ್ತಿದೆಯೇನೋ ಎಂದು ಇಂತಿಸಾರ್ ಕಣ್ಣೊರೆಸಿ ಮತ್ತೆ ನೋಡಿದಳು.

"ನಿಂಗೂ ಕಾಣ್ತಿದೆಯಾ?" ಫಿಕ್ರಿಯಾ ಪಿಸುಗುಟ್ಟಿದಳು.

"ಏನು ಕಾಣ್ತು? ಮೊದಲು ನೀವು ಹೇಳಿ, ಅತ್ತೆ."