ಗುಡುಗಮ್ಮನ ಲಂಗರು

ಪಂದ್ಯದಲ್ಲಿ ಓಡುವವರು ಓಡುವುದು ಬಿಟ್ಟು, ಮುಟ್ಟಬೇಕಾದ ಗೆರೆಯೇ ಓಡಿಹೋದದ್ದನ್ನು ಎಲ್ಲಾದರೂ ಕೇಳಿದ್ದುಂಟೇ? ಆ ದೊಡ್ಡ ಕೆರೆಯ ದಂಡೆಯವರು ಕಣ್ಣಾರೆ ಕಂಡಿದ್ದರು. ಹೋದ ವರ್ಷದ ದೋಣಿ ಪಂದ್ಯದಲ್ಲಿ ಮುಕ್ತಾಯದ ಗೆರೆ ಗಾಳಿಗೆ ಜಾರಿಹೋಯಿತು. ಜಾರಿದ್ದು ಗುಡುಗಮ್ಮನ ದೋಣಿ. ಹಾಳಾದದ್ದು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಗೆಲುವು.

ಗುಡುಗಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅವಳ ಗಂಟಲು ಕೇಳಿ ದಂಡೆಯವರು ಇಟ್ಟದ್ದು. ಅವಳದೊಂದು ಪಾಂಟೂನ್ ದೋಣಿ. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಜಗಲಿಯಂಥ ಸಪಾಟು ಹಲಗೆ, ಸುತ್ತ ಕಂಬಿ, ಬದಿಗೆ ಮೆತ್ತನೆಯ ಆಸನ, ಹಿಂದೆ ಮೋಟರು. ಮೇಲೆ ಅವಳ ಗಂಡ ಹೊಲಿದ ನೀಲಿ ಚಾವಣಿ. ಗಂಡ ದರ್ಜಿ, ದೋಣಿಗಳ ಕ್ಯಾನ್ವಾಸು ಹೊಲಿಯುವುದೇ ಅವನ ಕಸುಬು. ಕುರ್ಚಿ ಮೇಜು ಹಾಕಿಕೊಂಡು ನೆರಳಲ್ಲಿ ಕೂರಬಹುದಾದ ದೋಣಿ ಅದೊಂದೇ ಆದ್ದರಿಂದ ಪಂದ್ಯದ ತೀರ್ಪುಗಾರರು ಪ್ರತಿ ವರ್ಷ ಅದರಲ್ಲೇ ಕೂರುತ್ತಿದ್ದರು. ದೋಣಿಯ ಮೇಲೊಂದು ಕೋಲು, ದಂಡೆಯ ಮೇಲೊಂದು ಬಾವುಟ. ಎರಡಕ್ಕೂ ನೇರ ಕಣ್ಣಿಟ್ಟರೆ ಅದೇ ಮುಕ್ತಾಯದ ಗೆರೆ.

ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮಗಳು ಎಲ್ಲರಿಗಿಂತ ಮುಂದಿದ್ದಳು. ದಂಡೆಯ ಬಾವುಟ ಪಕ್ಕಕ್ಕೆ ಬಂದದ್ದೇ ತಡ, ಗೆದ್ದೆ ಎಂದು ಹುಟ್ಟು ಬಿಟ್ಟು ಎರಡೂ ಕೈ ಎತ್ತಿದಳು. ಗೆರೆ ದಾಟಿದಾಗ ತೀರ್ಪುಗಾರರು ಹೊಡೆಯುವ ಗಂಟೆ ಹೊಡೆಯಲಿಲ್ಲ. ಪಂದ್ಯ ಸಾಗುವ ದಿಕ್ಕಿಗೇ ಬೀಸಿದ ಗಾಳಿಗೆ ಚಾವಣಿ ಉಬ್ಬಿ ತೀರ್ಪುಗಾರರ ದೋಣಿ ಅಷ್ಟು ದೂರ ಮುಂದಕ್ಕೆ ಜಾರಿತ್ತು, ಗೆರೆಯೂ ಅದರ ಜೊತೆಗೇ ಓರೆಯಾಗಿ ಹೋಗಿತ್ತು. ಕೈ ಎತ್ತಿ ಕೂತವಳ ಎರಡೂ ಪಕ್ಕದಿಂದ ಇಬ್ಬರು ನುಗ್ಗಿ ಗೆರೆ ದಾಟಿದರು. ತೀರ್ಪುಗಾರರು ನಿಯಮ ನಿಯಮವೇ ಎಂದರು. ಅಂದಿನಿಂದ ಆ ದೋಣಿಗೆ ಜಾರುಬಂಡೆ ಎಂಬ ಹೆಸರು ಬಿತ್ತು.

ಜನ ಆಡಿಕೊಂಡರೆ ಗುಡುಗಮ್ಮ ಒಂದಕ್ಕೆ ನಾಲ್ಕು ತಿರುಗಿಸಿ ಕೊಡುತ್ತಿದ್ದಳು. ಅವಳ ಬಾಯಿ ಕಟ್ಟಿದ್ದು ಮಗಳು. ಈ ವರ್ಷದ ಪಂದ್ಯ ಹತ್ತಿರ ಬಂದಾಗ, ಕಿರಿಯರ ಗುಂಪಿನಲ್ಲಿ ತನಗೆ ಇದೇ ಕೊನೆಯ ಸಲ ಎಂದು ನೆನಪಿಸಿ, ಊಟದ ತಟ್ಟೆಯಿಂದ ತಲೆಯೆತ್ತದೆ ಒಂದು ಮಾತು ಹೇಳಿದಳು.

"ಅಮ್ಮಾ, ಈ ಸಲ ನಿನ್ನ ದೋಣಿ ಬೇಡ."

ಗುಡುಗಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮರುದಿನ ಅವಳು ಪಂದ್ಯ ನಡೆಸುವ ಸಂಘದ ಕಾರ್ಯದರ್ಶಿಯ ಕೋಣೆಗೆ ನುಗ್ಗಿದಳು. ಅವರು ಆಗಲೇ ಆಚೆ ದಂಡೆಯ ಉಕ್ಕಿನ ದೋಣಿಯವನಿಗೆ ಹೇಳಿಕಳಿಸುವ ಯೋಚನೆಯಲ್ಲಿದ್ದರು. ಇವಳು ಎದುರಿನ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲ. ಕೊನೆಗೆ ಅವರು, ಪಂದ್ಯದ ಬೆಳಿಗ್ಗೆ ದೋಣಿ ನಿಲ್ಲಿಸಿ ತೋರಿಸಬೇಕು, ಗೇಣುದ್ದ ಜಾರಿದರೂ ತೀರ್ಪುಗಾರರನ್ನು ಇಳಿಸಿಕೊಂಡು ಹೋಗುತ್ತೇನೆ ಎಂದು ಒಪ್ಪಿದರು. ಒಪ್ಪಿದ್ದು ಕರುಣೆಯಿಂದಲ್ಲ, ಅವರಿಗೆ ಊಟಕ್ಕೆ ಹೊತ್ತಾಗಿತ್ತು.

ಇನ್ನು ಆ ಮನೆಯ ಲಂಗರಿನ ಕಥೆ. ಗಂಡನ ಅಪ್ಪ ಬಣ್ಣದ ಡಬ್ಬಕ್ಕೆ ಸಿಮೆಂಟು ತುಂಬಿ, ನಡುವೆ ಕಬ್ಬಿಣದ ಬಳೆ ಹುಗಿದು ಮಾಡಿದ್ದು. ಭಾರ ಇದ್ದರೆ ನಿಲ್ಲುತ್ತದೆ, ಜಾರಿದರೆ ಇನ್ನಷ್ಟು ಭಾರ ಹಾಕು: ಇದು ಆ ಮನೆಯ ಲೆಕ್ಕ. ಆ ಲೆಕ್ಕದಲ್ಲೇ ಒಂದು ಡಬ್ಬ ಎರಡಾಗಿತ್ತು, ಎರಡೂ ಸೇರಿ ಜಾರಿದ್ದವು. ಇಡುವ ಜಾಗವಂತೂ ದೇವರಿಗೇ ಪ್ರೀತಿ. ಹಿಂದುಗಡೆ, ಮೋಟರಿನ ಪಕ್ಕ. ಅಲೆ ಬಂದಾಗ ಡಬ್ಬ ಉರುಳಿ ಯಾರದಾದರೂ ಕಾಲಿಗೆ ಬಡಿಯುತ್ತಿತ್ತು, ಹಗ್ಗ ಹೋಗಿ ಮೋಟರಿನ ರೆಕ್ಕೆಗೆ ಸುತ್ತಿಕೊಳ್ಳುತ್ತಿತ್ತು.

ಗುಡುಗಮ್ಮ ಹೊಸ ಲಂಗರು ತರುತ್ತೇನೆ ಎಂದಾಗ ಗಂಡನ ಮುಖ ಚಿಕ್ಕದಾಯಿತು.

"ಅಪ್ಪ ಕೈಯಾರೆ ಮಾಡಿದ್ದು ಕಣೇ."

"ಮಾವನೋರ ಮೇಲೆ ನಂಗೇನೂ ಕೋಪ ಇಲ್ಲ ರೀ. ಡಬ್ಬದ ಮೇಲೆ ಇದೆ. ಅದಕ್ಕೆ ಹಲ್ಲಿಲ್ಲ, ಕೆಸರನ್ನ ಹೆಂಗೆ ಕಚ್ಚುತ್ತೆ?"

ಕಬ್ಬಿಣದ ಅಂಗಡಿಯವನಿಗೆ ಅವಳು ಬಂದರೆ ಬೇಗ ಹೋದರೆ ಸಾಕು. ಹಿಡಿಸದಿದ್ದರೆ ತಿರುಗಿ ಕೊಡುತ್ತೇನೆ ಎಂದು ಮೂರು ಬಗೆಯ ಲಂಗರು ಹೊತ್ತು ತಂದಳು. ಒಂದು ಬೋರಲು ಹಾಕಿದ ಅಣಬೆಯ ಹಾಗಿತ್ತು. ಇನ್ನೊಂದಕ್ಕೆ ನಾಲ್ಕು ಕೊಕ್ಕೆ. ಮೂರನೆಯದಕ್ಕೆ ಮಡಚುವ ಎರಡು ಚೂಪು ರೆಕ್ಕೆ, ಎತ್ತಿದರೆ ಡಬ್ಬದ ಅರ್ಧ ಭಾರವೂ ಇಲ್ಲ. ಗಂಡ ಅದನ್ನು ಒಂದೇ ಕೈಯಲ್ಲಿ ತೂಗಿ ನೋಡಿ, ಇದನ್ನು ಗೋಡೆಗೆ ನೇತುಹಾಕಬಹುದು ಎಂದ.

ಗಂಡ ಹೆಂಡತಿ ದೋಣಿ ತೆಗೆದುಕೊಂಡು ಪಂದ್ಯದ ಜಾಗಕ್ಕೇ ಹೋದರು. ದಂಡೆಯಲ್ಲಿ ದೋಣಿಮನೆಯ ಹೊಗೆಕೊಳವೆಯನ್ನೂ ಅದರ ಹಿಂದಿನ ನೀರಿನ ತೊಟ್ಟಿಯನ್ನೂ ಒಂದೇ ನೇರಕ್ಕೆ ಹಿಡಿದು ನೋಡುವುದು, ಲಂಗರು ಬಿಟ್ಟು ಮೋಟರನ್ನು ಹಿಂದಕ್ಕೆ ಓಡಿಸುವುದು. ಕೊಳವೆ ತೊಟ್ಟಿ ಬೇರೆಯಾದರೆ ದೋಣಿ ಜಾರಿತೆಂದೇ ಅರ್ಥ. ಅಣಬೆ ಕೆಸರಿನ ಮೇಲೆ ಸಲೀಸಾಗಿ ತೆವಳಿತು. ನಾಲ್ಕು ಕೊಕ್ಕೆಯದು ಕೆರೆಯ ಜೊಂಡನ್ನೆಲ್ಲ ತಲೆಗೆ ಸುತ್ತಿಕೊಂಡು ಮೇಲೆ ಬಂತು. ರೆಕ್ಕೆಯದರ ಮೇಲೆ ಅವಳಿಗೆ ಆಸೆ ಇತ್ತು. ಅದನ್ನು ಕಂಬಿಯ ಮುಂದುಗಡೆಯ ಬಾಗಿಲಿನಿಂದ ಬಿಟ್ಟು, ಯಾವಾಗಿನಂತೆ ತಳ ಮುಟ್ಟುವಷ್ಟು ಹಗ್ಗ ಕೊಟ್ಟು ಬಿಗಿಹಿಡಿದಳು. ಅದೂ ಜಾರಿತು. ಇನ್ನೊಮ್ಮೆ ಬಿಟ್ಟಳು. ಇನ್ನೊಮ್ಮೆ ಜಾರಿತು.

ಗಂಡ ನಗಲಿಲ್ಲ, ಆದರೆ ನಗದೇ ಇರಲು ಪಟ್ಟ ಕಷ್ಟ ಮುಖದ ಮೇಲೆ ಕಾಣಿಸಿತು. ಅಷ್ಟು ಸಾಕಾಯಿತು. ಅವಳ ಪಿತ್ತ ನೆತ್ತಿಗೇರಿತು.

"ಹಾಳಾಗಿ ಹೋಗಲಿ," ಎಂದು ಹಗ್ಗವನ್ನು ಕೈಯಿಂದ ಒಗೆದೇ ಬಿಟ್ಟಳು.

ಹಗ್ಗ ಸರಸರನೆ ನೀರಿಗೆ ಓಡಿತು. ಅದರ ತುದಿಯನ್ನು ಗಂಡ ಮೊದಲೇ ಮುಂದಿನ ಕಂಬಿಯ ಬುಡಕ್ಕೆ ಕಟ್ಟಿದ್ದ. ಹೆಂಡತಿಯ ಸ್ವಭಾವ ಬಲ್ಲವನು, ಅಂಗಡಿಯವನ ಮಾಲು ಕೆರೆಯ ಪಾಲಾಗದಿರಲಿ ಎಂದು. ಮೋಟರು ಹಿಂದಕ್ಕೆ ಎಳೆಯುತ್ತಲೇ ಇತ್ತು. ದೋಣಿ ದೂರ, ಇನ್ನೂ ದೂರ ಹೋಯಿತು. ಆಮೇಲೆ ಹಗ್ಗ ನೀರಿನಿಂದ ಎದ್ದು ಬಿಗಿಯಿತು, ದೋಣಿ ಗಕ್ಕನೆ ನಿಂತಿತು, ಗಂಡ ಆಸನದ ಮೇಲೆ ಧೊಪ್ಪನೆ ಕೂತ.

ಇಬ್ಬರೂ ದಂಡೆ ನೋಡಿದರು. ಹೊಗೆಕೊಳವೆ, ತೊಟ್ಟಿ ಬೇರೆಯಾಗಿದ್ದವು, ಆದರೆ ನಡುವಿನ ಸಂದು ಇನ್ನು ಬೆಳೆಯಲಿಲ್ಲ. ಅವಳು ಮೋಟರಿಗೆ ಇನ್ನಷ್ಟು ಜೋರು ಕೊಟ್ಟಳು. ನೀರು ಕಡೆದ ಹಾಗಾಯಿತು. ದೋಣಿ ಜಪ್ಪಯ್ಯ ಅಂದರೂ ಕದಲಲಿಲ್ಲ.

ತಿಳಿಯಲು ಇಬ್ಬರಿಗೂ ತುಸು ಹೊತ್ತು ಹಿಡಿಯಿತು. ಗಿಡ್ಡ ಹಗ್ಗ ಲಂಗರನ್ನು ಮೇಲಕ್ಕೆ ಎತ್ತುತ್ತದೆ. ಉದ್ದ ಹಗ್ಗ ನೆಲದುದ್ದಕ್ಕೆ ಎಳೆಯುತ್ತದೆ, ಆಗ ರೆಕ್ಕೆ ಕೆಸರಿಗೆ ಇಳಿಯುತ್ತದೆ. ಎಳೆದಷ್ಟೂ ಇನ್ನೂ ಆಳಕ್ಕೆ. ಇಷ್ಟು ಕಾಲ ಈ ಮನೆಯವರು ಹಗ್ಗಕ್ಕೆ ಜಿಪುಣತನ ಮಾಡಿ ಸಿಮೆಂಟಿಗೆ ಧಾರಾಳವಾಗಿದ್ದರು.

"ನಿನ್ನ ಸಿಟ್ಟೂ ಒಂದೊಂದ್ಸಲ ಕೆಲಸಕ್ಕೆ ಬರುತ್ತೆ ಬಿಡು," ಎಂದ ಗಂಡ.

ಮನೆಗೆ ಬಂದವನೇ ಹೊಲಿಗೆಯಂತ್ರದ ಮುಂದೆ ಕೂತ. ಲಂಗರಿನ ಆ ಚೂಪು ರೆಕ್ಕೆ ಅವನ ಹೆಬ್ಬೆರಳನ್ನು ಆಗಲೇ ಗೀರಿತ್ತು. ಚಾವಣಿ ಹೊಲಿದು ಉಳಿದಿದ್ದ ನೀಲಿ ಕ್ಯಾನ್ವಾಸಿನಿಂದ ಲಂಗರಿಗೆ ಅಳತೆಯ ಚೀಲ ಹೊಲಿದು, ನೀರು ಸೋರಿಹೋಗಲಿ ಎಂದು ಅಡಿಯಲ್ಲಿ ತೂತು ಬಿಟ್ಟು, ತೂತಿಗೆ ಹಿತ್ತಾಳೆಯ ಬಳೆ ಹೊಡೆದ. ಗುಡುಗಮ್ಮ ಮುಂದಿನ ಬಾಗಿಲ ಪಕ್ಕದ ಆಸನದ ಕೆಳಗಿನ ಪೆಟ್ಟಿಗೆ ಖಾಲಿ ಮಾಡಿದಳು. ಹಳೆ ಚಪ್ಪಲಿ, ಮುರಿದ ಛತ್ರಿ, ಯಾರೋ ಮರೆತ ಕನ್ನಡಕ ಎಲ್ಲ ಹೊರಗೆ. ಲಂಗರಿಗೆ ಮೊಳವೆರಡರ ಸರಪಳಿ ಸೇರಿಸಿ, ತೂತು ಕೊರೆದ ಬಕೆಟ್ಟಿನಲ್ಲಿ ಹಗ್ಗವನ್ನು ಸುರುಳಿ ಸುರುಳಿಯಾಗಿ ಇಟ್ಟಳು. ಕೈಹಾಕಿದರೆ ಸಿಗಬೇಕು, ಕಾಲಿಗೆ ಸಿಗಬಾರದು ಎಂಬುದು ಅವಳ ಹೊಸ ಕಾನೂನು. ಡಬ್ಬ ಏನಾಯಿತೆಂದು ಗಂಡ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಪಂದ್ಯದ ಬೆಳಿಗ್ಗೆ ಕಾರ್ಯದರ್ಶಿ ದೋಣಿಯ ಮೇಲೆ ನಿಂತು ದಂಡೆಯನ್ನೇ ದಿಟ್ಟಿಸಿ, ಕೊನೆಗೆ ಸರಿ ಎಂದು ತಲೆಯಾಡಿಸಿದರು. ಆದರೂ ಉಕ್ಕಿನ ದೋಣಿಯವನನ್ನು ದೂರದಲ್ಲಿ ತಯಾರಾಗಿ ನಿಲ್ಲಿಸಿದ್ದರು. ದಂಡೆಯ ಬಾವುಟ ಈ ಸಲ ಗಟ್ಟಿಯಾಗಿ ನಿಂತಿತ್ತು. ಅದರ ಕೋಲು ಊರಿದ್ದು ಮಾವನವರ ಸಿಮೆಂಟು ಡಬ್ಬದ ಕಬ್ಬಿಣದ ಬಳೆಯಲ್ಲಿ. ಗಂಡ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಮೂಗು ಉಜ್ಜಿಕೊಂಡ.

ಕಿರಿಯರ ಪಂದ್ಯ ಶುರುವಾಗುವ ಹೊತ್ತಿಗೆ ಗಾಳಿ ಎದ್ದಿತು. ಹೋದ ವರ್ಷಕ್ಕಿಂತ ಜೋರು. ಚಾವಣಿ ಉಬ್ಬಿ ಕಂಬಗಳು ಕಿರುಗುಟ್ಟಿದವು, ತೀರ್ಪುಗಾರರ ಟೋಪಿ ಹಾರಿ ನೀರಿಗೆ ಬಿತ್ತು. ಟೋಪಿ ತೇಲಿ ದೂರ ಹೋಯಿತು, ದೋಣಿ ಹೋಗಲಿಲ್ಲ. ಗುಡುಗಮ್ಮ ಮುಂದಿನ ಬಾಗಿಲಲ್ಲಿ ಮಂಡಿಯೂರಿ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟಿದ್ದಳು. ಜಾರುವ ಲಂಗರು ನಡುಗುತ್ತದೆ. ಇದು ಗೋಡೆಗೆ ಕಟ್ಟಿದ ಹಾಗೆ ನಿಶ್ಚಲವಾಗಿತ್ತು.

ಮಗಳ ದೋಣಿ ಇನ್ನೊಂದು ದೋಣಿಯ ಜೊತೆ ಸಮಸಮವಾಗಿ ಬಂತು. ಆ ಇನ್ನೊಬ್ಬಳು ಬಾವುಟ ಹತ್ತಿರವಾದದ್ದು ಕಂಡು ಕೈ ಸಡಿಲಿಸಿದಳು. ಇವಳು ಸಡಿಲಿಸಲಿಲ್ಲ. ಇವಳಿಗೆ ಬಾವುಟದ ಮೇಲೆ ನಂಬಿಕೆ ಇರಲಿಲ್ಲ, ಗೆರೆಯ ಮೇಲಂತೂ ಮೊದಲೇ ಇಲ್ಲ. ಹಲ್ಲು ಕಚ್ಚಿ ಎಳೆದಳು. ಗಂಟೆ ಹೊಡೆಯಿತು. ಕಾರ್ಯದರ್ಶಿ ಅವಳ ದೋಣಿಯ ಕಡೆ ಕೈ ತೋರಿಸಿದರು. ದಂಡೆಯಲ್ಲಿ ಕೇಕೆ ಎದ್ದಿತು. ಮಗಳು ಮಾತ್ರ ತಲೆ ತಗ್ಗಿಸಿ ಹುಟ್ಟು ಹಾಕುತ್ತಲೇ, ಅಮ್ಮನ ದೋಣಿಯನ್ನೂ ಬಾವುಟವನ್ನೂ ಹಿಂದೆ ಬಿಟ್ಟು, ಕೆರೆಯ ಆಚೆ ತುದಿಗೆ ಹೊರಟೇಹೋದಳು.

ಗುಡುಗಮ್ಮ ಎದ್ದು ನಿಂತು ಗಂಟಲು ಬಿಟ್ಟಳು.

"ನಿಲ್ಲಿಸೇ. ಗೆರೆ ಇಲ್ಲೇ ಇದೆ ಕಣೇ, ಈ ಸಲ ಓಡಿಹೋಗ್ತಿರೋಳು ನೀನು."

ಮಗಳು ಹುಟ್ಟು ಬಿಟ್ಟು ತಲೆಯೆತ್ತಿದಳು. ಅಮ್ಮನ ದೋಣಿ ಇಟ್ಟಲ್ಲೇ ಇತ್ತು. ಆಗ ಎರಡೂ ಕೈ ಎತ್ತಿದಳು.

ಪಂದ್ಯಗಳೆಲ್ಲ ಮುಗಿದ ಮೇಲೆ ಕಾರ್ಯದರ್ಶಿ, ಇನ್ನು ಹೊರಡೋಣ ಅಕ್ಕಾ, ಎಂದರು. ಮಗಳೂ ದೋಣಿ ಹತ್ತಿದ್ದಳು. ತಾಯಿ ಮಗಳು ಸೇರಿ ಎಳೆದರು, ಗಂಡ ಸೇರಿಕೊಂಡ, ಕಾರ್ಯದರ್ಶಿಯೂ ಅಂಗಿಯ ತೋಳು ಮಡಚಿ ಕೈಹಾಕಿದರು. ಲಂಗರು ಬರಲಿಲ್ಲ.

"ಎಳೀಬೇಡಿ, ಸ್ವಲ್ಪ ಇರ್ಲಿ ಬಿಡಿ," ಎಂದಳು ಗುಡುಗಮ್ಮ, ಸೊಂಟದ ಮೇಲೆ ಕೈಯಿಟ್ಟು. "ಈ ದೋಣಿ ನಿಂತಿರೋದನ್ನ ನಂಗಿನ್ನೂ ನೋಡಿ ಮುಗಿದಿಲ್ಲ."