ಕತ್ತರಿಗೆ ಸಿಕ್ಕ ದೇಶ

ಶಾಲೆಗಳಿಗೆ ಭೂಗೋಳ ಮಾಡಿಕೊಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಭೂಮಿತಾಯಿ ಎಂದೇ ಕರೆಯುತ್ತಿದ್ದರು. ತಾಳ್ಮೆಗಾಗಿ ಇಟ್ಟ ಹೆಸರಲ್ಲ ಅದು. ತಾಳ್ಮೆ ಎಂಬ ಪದಾರ್ಥ ಅವಳ ಹತ್ತಿರ ಹುಡುಕಿದರೂ ಸಿಗುತ್ತಿರಲಿಲ್ಲ. ಬೋಳು ಉಂಡೆಯ ಮೇಲೆ ಭೂಮಿಯನ್ನು ಅಂಟಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಅದಕ್ಕೆ ಆ ಹೆಸರು. ಉದ್ದನೆಯ ಮೇಜಿನ ತುದಿಯಲ್ಲಿ, ಕಿಟಕಿಯ ಪಕ್ಕದ ಎತ್ತರದ ಸ್ಟೂಲು ಅವಳದು. ಉಳಿದ ಹೆಂಗಸರು ಅಂಟಿಸಿದ ಗೋಳಗಳನ್ನೂ ಅವಳೇ ತಿರುಗಿಸಿ ನೋಡಿ, ಅಡಿಯಲ್ಲಿ ಮುದ್ರೆ ಒತ್ತಬೇಕು. ಆ ಮುದ್ರೆ ಬೀಳದ ಭೂಮಿ ಕಾರ್ಖಾನೆಯ ಬಾಗಿಲು ದಾಟುತ್ತಿರಲಿಲ್ಲ.

ಅಂಥವಳ ಮಗ ಹೋಗಿ ಹೋಗಿ ಭೂಮಿಯ ಆಚೆ ಬದಿಯಿಂದ ಹೆಂಡತಿಯನ್ನು ತಂದ.

ಅಲ್ಲಿ ಬಂದರು ಕಟ್ಟುವ ಕೆಲಸ ಸಿಕ್ಕಿತೆಂದು ಹೋದವನು, ಬಂದರು ಅರ್ಧಕ್ಕೆ ನಿಂತ ಮೇಲೆ ಇವಳ ಕೈ ಹಿಡಿದುಕೊಂಡು ವಾಪಸು ಬಂದು, ಅದೇ ಕಾರ್ಖಾನೆಯ ವ್ಯಾನು ಓಡಿಸತೊಡಗಿದ್ದ. ಸೊಸೆ ಭಾಷೆ ಬೇಗ ಕಲಿತಳು. ಅದೇ ಎಡವಟ್ಟಾದದ್ದು. ಮಾತು ಬಾರದ ಸೊಸೆಯಾಗಿದ್ದರೆ ಭೂಮಿತಾಯಿ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಇವಳು ಬಂದ ಹೊಸತರಲ್ಲೇ ಮನೆಯನ್ನೆಲ್ಲ ಒಮ್ಮೆ ನೋಡಿ, "ಇಷ್ಟು ದೊಡ್ಡ ದೇಶ ಅಂತೀರ, ಕಿಟಕಿ ಯಾಕೆ ಇಷ್ಟು ಚಿಕ್ಕದು?" ಎಂದು ಕೇಳಿದಳು. ಗಂಡ ಸತ್ತ ಮೇಲೆ ಅಂಟು ತಿಂದ ಬೆರಳುಗಳಲ್ಲಿ ದುಡಿದು ಮಾಡಿದ ಮನೆ ಅದು. ಅತ್ತೆಯ ಹೊಟ್ಟೆಯಲ್ಲಿ ಅವತ್ತು ಹೊತ್ತಿದ ಬೆಂಕಿ ಆಮೇಲೆ ಆರಲಿಲ್ಲ.

ಹೊರದೇಶದಿಂದ ಬಂದ ಹೆಂಡತಿಗೆ ಸರ್ಕಾರದ್ದೊಂದು ಕಟ್ಟಳೆಯಿತ್ತು. ಒಂದು ವರ್ಷ ಒಂದೇ ಕಡೆ ದುಡಿಯಬೇಕು. ವರ್ಷ ತುಂಬಿದ ಮೇಲೆ ಕೆಲಸ ಕೊಟ್ಟವನು ಕಚೇರಿಗೆ ಬಂದು, ಇವಳು ನಮಗೆ ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಬಂದ ದಾರಿ ಹಿಡಿಯಬೇಕು. ಮಗ ಗೋಗರೆದದ್ದಕ್ಕೆ ಕಾರ್ಖಾನೆಯ ಯಜಮಾನ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದ. ಭೂಮಿತಾಯಿ ವರ್ಷವಿಡೀ ಅವಳನ್ನು ಮೇಜಿನ ಹತ್ತಿರ ಸೇರಿಸದೆ ಅಂಟು ಕಾಯಿಸುವ ಮೂಲೆಯಲ್ಲೇ ಕೊಳೆಹಾಕಿದಳು. ಈಗ ಆ ವರ್ಷ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಅವಳನ್ನು ಓಡಿಸಬೇಕು ಎನ್ನುವುದು ಬಿಟ್ಟರೆ ಅತ್ತೆಗೆ ಬೇರೆ ಧ್ಯಾನವೇ ಇರಲಿಲ್ಲ. ಸೊಸೆಗೂ ಇದು ಗೊತ್ತಿತ್ತು. ಗಂಡನೊಬ್ಬನಿಗೆ ಗೊತ್ತಿರಲಿಲ್ಲ, ಎರಡು ಹೆಣ್ಣುಗಳ ನಡುವೆ ಕೂತು ಹೊಟ್ಟೆ ತುಂಬ ಉಂಡು ಏಳುವ ಗಂಡಸರಿಗೆ ಇಂಥವು ಗೊತ್ತಾಗುವುದೂ ಇಲ್ಲ.

ಆ ಹೊತ್ತಿಗೆ ಶಿಕ್ಷಣ ಇಲಾಖೆಯಿಂದ ದೊಡ್ಡ ಬೇಡಿಕೆ ಬಂತು. ಯಾವ ದೇಶ ಎಷ್ಟು ಮುಂದುವರಿದಿದೆ ಎಂದು ಬಣ್ಣದಲ್ಲಿ ತೋರಿಸುವ ಗೋಳ. ಊರೂರಿನ ಶಾಲೆಗೂ ಬೇಕಂತೆ. ಸಿರಿವಂತ ದೇಶಗಳಿಗೆ ಕಡು ನೀಲಿ, ನಡುವಿನವಕ್ಕೆ ಹಸಿರು, ಬಡ ದೇಶಗಳಿಗೆ ಸಪ್ಪೆ ಹಳದಿ. ಕೈಗಳು ಸಾಲದೆ ಯಜಮಾನ ಸೊಸೆಯನ್ನೂ ಮೇಜಿಗೆ ಎಳೆದ. "ನಿನ್ನ ಸೊಸೆಗೆ ಒಂದಿಷ್ಟು ಹೇಳಿಕೊಡಮ್ಮ" ಎಂದ.

"ನೋಡಿ ಕಲಿಯಲಿ" ಎಂದಳು ಭೂಮಿತಾಯಿ, ಮುಖ ಎತ್ತದೆ.

ನೋಡುವುದಕ್ಕೆ ಇದ್ದದ್ದು ಇಷ್ಟು. ಭೂಮಿಯ ಚಿತ್ರ ಉದ್ದನೆಯ ಎಸಳುಗಳಾಗಿ ಅಚ್ಚಾಗಿ ಬರುತ್ತದೆ. ಒಂದೊಂದೇ ಎಸಳಿಗೆ ಅಂಟು ಬಳಿದು ಉಂಡೆಯ ಮೇಲೆ ಕೂರಿಸಬೇಕು. ಅಂಟು ತಗುಲಿದ ಕಾಗದ ಹಿಗ್ಗುತ್ತದೆ. ಒಂದೊಂದು ಎಸಳೂ ಕೂದಲೆಳೆಯಷ್ಟು ಹಿಗ್ಗಿದರೂ, ಕೊನೆಯದರ ಪಾಲಿಗೆ ಜಾಗ ಸಾಲುವುದಿಲ್ಲ. ಆಗ ಆ ಕೊನೆಯ ಎಸಳಿನ ಅಂಚನ್ನು ಕತ್ತರಿಯಲ್ಲಿ ಸವರಿ ತುರುಕಬೇಕು. ಅದಕ್ಕೇ ಆ ಕಾರ್ಖಾನೆಯಲ್ಲಿ ಮೊದಲಿನಿಂದ ಬಂದ ಪದ್ಧತಿ: ತಮ್ಮ ದೇಶದ ಎಸಳಿನಿಂದ ಶುರುಮಾಡುವುದು, ಅದರ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತ ಹಿಂಬದಿಗೆ ಹೋಗುವುದು. ತಪ್ಪೆಲ್ಲ ಹೋಗಿ ಸೇರುವುದು ಬೆನ್ನ ಹಿಂದೆ, ಕೊಳ್ಳುವವರು ಯಾರೂ ಇಲ್ಲದ ಕಡೆ. ಸೊಸೆಯ ದೇಶವಿದ್ದದ್ದು ಅಲ್ಲೇ.

ಮೊದಲ ದಿನ ಅತ್ತೆ ಅಂಟಿಸಿದ ಗೋಳವನ್ನು ಸೊಸೆ ತಿರುಗಿಸಿ ನೋಡಿದಳು. ಹಳದಿ ಬಣ್ಣದ ತನ್ನ ದೇಶ ಪಕ್ಕೆ ಕೊರೆಸಿಕೊಂಡು ನಿಂತಿತ್ತು.

"ಸಮುದ್ರದ ಕಡೆ ಏನೂ ಇಲ್ಲವಲ್ಲ ಅತ್ತೆ. ನಮ್ಮೂರೆಲ್ಲಿ?"

"ಕತ್ತರಿಗೆ ಹೋಯ್ತು."

"ಊರಿಗೆ ಊರೇನಾ?"

"ಊರೇನು ಮಹಾ. ಇದ್ದಿದ್ರೂ ಹಳದೀನೇ ತಾನೆ" ಎಂದಳು ಭೂಮಿತಾಯಿ. ಮೇಜಿನ ಸುತ್ತ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸೊಸೆ ನಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹಳದಿ ಚೂರುಗಳನ್ನು ಒಮ್ಮೆ ನೋಡಿ, ತನ್ನ ಉಂಡೆಯನ್ನು ಎಳೆದುಕೊಂಡಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಾತು ಅಲ್ಲಿಂದಲೇ ಎದ್ದಿತು.

"ನಾವು ಯಾಕೆ ಹಳದಿ ಅಂತ ಆ ಗೋಳದಲ್ಲಿ ಎಲ್ಲಾದ್ರೂ ಬರೆದಿದೆಯಾ?" ಎಂದಳು ಸೊಸೆ. "ನಮ್ಮ ಬೆಟ್ಟದಲ್ಲಿ ತಾಮ್ರ ಇತ್ತು. ನಿಮ್ಮ ಹಡಗು ಬಂತು. ಗಣಿಯಿಂದ ಬಂದರಿಗೆ ಒಂದು ರೈಲು ಹಾಕಿದ್ರಿ. ಒಂದೂರಿಂದ ಇನ್ನೊಂದೂರಿಗೆ ಹಾಕಲಿಲ್ಲ. ಬೆಟ್ಟ ಖಾಲಿಯಾದ ಮೇಲೆ ಕಂಬಿ ಕೂಡ ಕಿತ್ಕೊಂಡು ಹೋದ್ರಿ."

"ನಾನು ಕಿತ್ಕೊಂಡು ಬಂದ್ನಾ? ನೋಡು, ಮಂಚದ ಕೆಳಗಿದೆಯೇನೋ ನಿಮ್ಮ ಕಂಬಿ!" ಭೂಮಿತಾಯಿ ತಟ್ಟೆ ಸರಿಸಿದಳು. "ನಮ್ಮಲ್ಲೇನಿತ್ತು? ತಾಮ್ರ ಇತ್ತಾ, ಹೊಳೆ ಇತ್ತಾ? ಬರೀ ಕಲ್ಲು, ಗಾಳಿ. ನಮ್ಮಜ್ಜಿ ಕಲ್ಲು ಒಡೆದು ಸತ್ತಳು, ನಮ್ಮಮ್ಮ ಮಗ್ಗದ ಮುಂದೆ ಸತ್ತಳು. ದುಡಿದು ನೀಲಿ ಆದ್ವಿ. ನೀವು ಎಲ್ಲ ಇದ್ದೂ ಕೈ ಕಟ್ಟಿ ಕೂತ್ರಿ. ಕಟ್ಟಿಸೋಕೆ ಹೋದ ಬಂದರನ್ನೂ ಅರ್ಧಕ್ಕೆ ಬಿಟ್ರಿ."

"ಬಿಟ್ಟಿದ್ದು ನಾವಲ್ಲ, ನಿಮ್ಮ ಕಂಪನಿ."

"ಹೌದಮ್ಮ, ಅದು ನಿಜ" ಎಂದ ಮಗ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಸೊಸೆ ಮಾತಾಡಿದ್ದಕ್ಕಿಂತ ಆ ಮಾತು ಅತ್ತೆಯ ಎದೆಗೆ ಸರಿಯಾಗಿ ನಾಟಿತು. ಹೊಟ್ಟೆಯಲ್ಲಿ ಹುಟ್ಟಿದವನು ಅನ್ನ ನುಂಗುವಷ್ಟೂ ತಡೆಯದೆ ಅವಳ ಕಡೆ ಸೇರಿಬಿಟ್ಟಿದ್ದ.

ಮಾರನೆಯ ದಿನ ಸೊಸೆ ಅಂಟಿಸಿದ ಮೊದಲ ಗೋಳ ಮುದ್ರೆಗೆ ಬಂತು. ಭೂಮಿತಾಯಿ ಅದನ್ನು ತಿರುಗಿಸಿದಳು. ಕೈ ತಟ್ಟನೆ ನಿಂತಿತು. ಸೊಸೆ ತನ್ನ ದೇಶದ ಎಸಳಿನಿಂದ ಶುರುಮಾಡಿದ್ದಳು. ಹಳದಿ ದೇಶ ಕಡಲ ಸಮೇತ, ಊರು ಕೇರಿ ಸಮೇತ ತುಂಬಿಕೊಂಡು ನಿಂತಿತ್ತು. ಎಡಕ್ಕೊಂದು ಬಲಕ್ಕೊಂದು ಎಂದು ಸುತ್ತಿ ಬಂದ ಕಾಗದದ ಹಿಗ್ಗೆಲ್ಲ ಈಚೆ ಬದಿಗೆ ಬಂದು ಬಿದ್ದಿತ್ತು. ಕಡು ನೀಲಿಯ ಅತ್ತೆಯ ದೇಶ ಕತ್ತರಿಗೆ ಸಿಕ್ಕಿ ಹುಣಸೆಬೀಜದಷ್ಟಾಗಿ, ರಾಜಧಾನಿಯೇ ಕಾಣದಂತಾಗಿತ್ತು.

ತಲೆಯೆತ್ತಿ ನೋಡಿದಳು. ಸೊಸೆ ಮೇಜಿನ ಆ ತುದಿಯಿಂದ ಅವಳನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಹೇಳು, ಏನು ಹೇಳುತ್ತೀಯೋ ಹೇಳು ಎನ್ನುವ ಹಾಗೆ.

ಬಾಯಿಗೆ ಬಂದ ಬೈಗುಳವನ್ನು ಭೂಮಿತಾಯಿ ಅಲ್ಲೇ ನುಂಗಿದಳು. ಈಗ ಹೇಳಿದರೆ ಏನಾಗುತ್ತದೆ? ಒಂದು ಗೋಳ ಹಾಳು. ಯಜಮಾನ ಎರಡು ಮಾತು ಅಂದು ಸುಮ್ಮನಾಗುತ್ತಾನೆ. ಇವಳು ಇಲ್ಲೇ ಬೇರು ಬಿಡುತ್ತಾಳೆ. ಅದರ ಬದಲು ಮಾಡಲಿ, ಪೆಟ್ಟಿಗೆಗಟ್ಟಲೆ ಮಾಡಲಿ. ತನ್ನ ಗುಂಡಿ ತಾನೇ ಆಳವಾಗಿ ತೋಡಿಕೊಳ್ಳಲಿ. ಇಲಾಖೆಯವರು ನೋಡಿದ ದಿನ ಯಜಮಾನ ಇವಳ ಕುತ್ತಿಗೆ ಹಿಡಿದು ನೂಕುತ್ತಾನೆ, ಕಚೇರಿಗೆ ಹೋಗಿ ಬೇಕು ಎನ್ನುವುದಂತೂ ದೂರ ಉಳಿಯಿತು. ಭೂಮಿತಾಯಿ ಗೋಳವನ್ನು ಬೋರಲು ಹಾಕಿ ಠಕ್ಕೆಂದು ಮುದ್ರೆ ಒತ್ತಿದಳು.

ಅಂದಿನಿಂದ ಸೊಸೆಯ ಗೋಳಗಳು ಒಂದರ ಹಿಂದೊಂದು ಬಂದವು, ಅತ್ತೆ ಒಂದರ ಹಿಂದೊಂದಕ್ಕೆ ಮುದ್ರೆ ಹಾಕಿದಳು. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ಸುಗಮವಾಗಿ ಅತ್ತೆ ಸೊಸೆ ಕೂಡಿ ಕೆಲಸ ಮಾಡಿದ್ದು ಅದೇ ಮೊದಲು. ಯಜಮಾನನಂತೂ, "ಹೀಗಿರಬೇಕಪ್ಪ ಮನೆ ಅಂದ್ರೆ" ಎಂದು ಉಳಿದ ಹೆಂಗಸರ ಮುಂದೆ ಹೊಗಳಿದ.

ಸರಕು ಕಳಿಸುವ ದಿನ ಇಲಾಖೆಯ ಅಧಿಕಾರಿ ಬಂದ. ಮಗ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಅಧಿಕಾರಿ ಯಾವುದೋ ಒಂದು ಪೆಟ್ಟಿಗೆ ಬಿಚ್ಚಿಸಿ, ಗೋಳವನ್ನು ಮಕ್ಕಳ ಹಾಗೆ ಗಿರ್ರನೆ ತಿರುಗಿಸಿ, ಎಲ್ಲರೂ ಮಾಡುವಂತೆ ಮೊದಲು ತನ್ನ ಊರಿಗೆ ಬೆರಳಿಡಲು ಹೋದ. ಬೆರಳು ಅಲ್ಲಿ ಇಲ್ಲಿ ತಡಕಾಡಿತು.

"ಏನ್ರೀ ಇದು? ನಮ್ಮ ದೇಶ ಎಲ್ಲಿ ಹೋಯ್ತು?"

ಯಜಮಾನ ನೋಡಿದ. ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಇನ್ನೊಂದು ಪೆಟ್ಟಿಗೆ ಬಿಚ್ಚಿಸಿದ, ಮತ್ತೊಂದು ಬಿಚ್ಚಿಸಿದ. ಸೊಸೆಯ ಕೈಯಿಂದ ಬಂದದ್ದೆಲ್ಲ ಹಾಗೇ.

"ಯಾರು ಅಂಟಿಸಿದ್ದು ಇದನ್ನ?" ಯಜಮಾನ ಕೆಂಡಾಮಂಡಲವಾಗಿ ಅರಚಿದ.

"ನಾನು" ಎಂದಳು ಸೊಸೆ.

ಭೂಮಿತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದನ್ನು ಮರೆಸಲು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಎಲ್ಲಿಂದ ಶುರುಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ ಯಜಮಾನ್ರೇ. ನೋಡಿ ಕಲಿ ಅಂದ್ರು. ಎಲ್ಲರೂ ಅವರವರ ಊರಿಂದ ಶುರುಮಾಡೋದು ನೋಡಿದೆ, ನಾನೂ ನಮ್ಮೂರಿಂದ ಶುರುಮಾಡಿದೆ. ತಪ್ಪಾಗಿದ್ರೆ ಅತ್ತೆ ಮುದ್ರೆ ಹಾಕ್ತಿರಲಿಲ್ಲ ಅಲ್ವಾ?"

ಯಜಮಾನ ಗೋಳವನ್ನು ಬೋರಲು ಹಾಕಿದ. ಭೂಮಿತಾಯಿ ಸೊಸೆಯ ಕುತ್ತಿಗೆಯ ಮೇಲೇ ಇಷ್ಟು ದಿನ ಕಣ್ಣಿಟ್ಟು, ತನ್ನ ಕೈ ಏನು ಮಾಡುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಡಿಯಲ್ಲಿ ಮುದ್ರೆ ದುಂಡಗೆ, ಸ್ಪಷ್ಟವಾಗಿ ಬಿದ್ದಿತ್ತು.

"ಹೊಸಬಳು ತಪ್ಪು ಮಾಡ್ತಾಳೆ ಅಂತಾನೇ ನಿನ್ನನ್ನ ಅಲ್ಲಿ ಕೂರಿಸಿರೋದು" ಎಂದ ಯಜಮಾನ, ಧ್ವನಿ ತಗ್ಗಿಸಿ. ಆ ತಗ್ಗಿದ ಧ್ವನಿಗೇ ಎಲ್ಲರೂ ಹೆದರುತ್ತಿದ್ದದ್ದು. "ನೋಡಿ ಒತ್ತಿದ್ಯೋ, ನೋಡದೇ ಒತ್ತಿದ್ಯೋ?"

ಅವಳು ಬಾಯಿ ತೆರೆಯುವ ಮೊದಲೇ ಮಗ ಪೆಟ್ಟಿಗೆ ಕೆಳಗಿಟ್ಟು ಮುಂದೆ ಬಂದ. "ನೋಡಿ ಒತ್ತಿರಲ್ಲ ಯಜಮಾನ್ರೇ. ಗೊತ್ತಿದ್ದೂ ಗೊತ್ತಿದ್ದೂ ಇವಳ ಕೆಲಸಕ್ಕೆ ಕುತ್ತು ತರೋಳಲ್ಲ ನಮ್ಮಮ್ಮ. ಮಾತು ಒರಟು, ಮನಸ್ಸು ಅಂಥದ್ದಲ್ಲ. ಅಲ್ವೇನಮ್ಮ?"

ಅವನು ಹಾಗೆ ಕೇಳಿ ತಾಯಿಯ ಮುಖ ನೋಡಿದ. ಆ ನೋಟದ ಎದುರು ಸುಳ್ಳು ಹೇಳುವುದಕ್ಕಿಂತ ನಿಜ ಹೇಳುವುದು ಕಷ್ಟವಾಗಿತ್ತು. ನಿಜ ಹೇಳಿದರೆ ಸ್ಟೂಲು ಹೋದರೂ ಹೋಗಲಿ, ಮಗ ಹೋಗುತ್ತಾನೆ. ಸೊಸೆಯ ಕೈ ಹಿಡಿದುಕೊಂಡು, ಆ ಅರ್ಧ ಬಂದರಿಗೆ, ಮತ್ತೆ ಮುಖ ತೋರಿಸದ ಹಾಗೆ.

"ಕಣ್ಣು ಕಾಣ್ತಿಲ್ಲ" ಎಂದಳು ಭೂಮಿತಾಯಿ. "ಸ್ವಲ್ಪ ದಿನದಿಂದ ಮಂಜು ಮಂಜು. ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ."

ಮೇಜಿನ ಹೆಂಗಸರು ಲೊಚಗುಟ್ಟಿದರು. ಯಜಮಾನನ ಸಿಟ್ಟೂ ಅರ್ಧ ಇಳಿಯಿತು; ಕುರುಡಾಗುತ್ತಿರುವವಳನ್ನು ಬೈಯುವುದು ಹೇಗೆ? ಸೊಸೆ ಮಾತ್ರ ಕತ್ತೆತ್ತಿ ಅತ್ತೆಯನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬೆರಗು, ಆಮೇಲೆ ನಿಧಾನವಾಗಿ ಮತ್ತೇನೋ ಮೂಡಿತು.

"ಸಂಬಳ ಬೇಡ ಯಜಮಾನ್ರೇ, ಎಲ್ಲಾನೂ ಬಿಚ್ಚಿ ಹೊಸದಾಗಿ ಅಂಟಿಸಿಕೊಡ್ತೀನಿ" ಎಂದಳು. "ನೀವು ಎಲ್ಲಿಂದ ಅಂದ್ರೆ ಅಲ್ಲಿಂದ."

ಅಧಿಕಾರಿ ಗೊಣಗುತ್ತ ಗಡುವು ಮುಂದಕ್ಕೆ ಹಾಕಿದ. ಇರುವ ಒಂದು ಕೈಯನ್ನೂ ಬಿಡುವ ಸ್ಥಿತಿಯಲ್ಲಿ ಯಜಮಾನ ಇರಲಿಲ್ಲ. ಆ ವಾರವೇ ಕಚೇರಿಗೆ ಹೋಗಿ, ಇವಳಿಲ್ಲದೆ ನನಗೆ ನಡೆಯುವುದಿಲ್ಲ ಎಂದು ಹೇಳಿ ಬಂದ. ಕಿಟಕಿಯ ಪಕ್ಕ ಬೆಳಕು ಚೆನ್ನಾಗಿದೆಯೆಂದು ಸೊಸೆಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಭೂಮಿತಾಯಿಯನ್ನು ಮರ್ಯಾದೆಯಿಂದಲೇ ಮನೆಗೆ ಕಳಿಸಿದರು.

ಕಾಣುವ ಕಣ್ಣಿಟ್ಟುಕೊಂಡು ಕುರುಡಿಯ ಬಾಳು ಬಾಳುವುದು ಎಷ್ಟು ಹಿಂಸೆ ಎಂದು ಅವಳಿಗೆ ಆಗ ಗೊತ್ತಾಯಿತು. ಮಗ ಅವಳ ಕೈಯಿಂದ ಚಾಕು ಕಿತ್ತುಕೊಂಡ. ಬಚ್ಚಲಿಗೆ ಹೋದರೂ ತೋಳು ಹಿಡಿದುಕೊಳ್ಳುತ್ತಿದ್ದ. ಬೀದಿಯಲ್ಲಿ ಪರಿಚಯದವರು ಎದುರಾದರೆ, "ನಾನು ಯಾರು ಹೇಳು ನೋಡೋಣ?" ಎಂದು ಮುಖದ ಹತ್ತಿರ ಬಂದು ಕೇಳುತ್ತಿದ್ದರು. ಮೂಲೆಯಲ್ಲಿ ಸೊಸೆ ಬಿಟ್ಟ ಕಸ ಕಣ್ಣು ಚುಚ್ಚುತ್ತಿದ್ದರೂ, ಅವಳು ಕೊಂಡು ತಂದ ಬಣ್ಣ ಬಣ್ಣದ ಪರದೆ ಮೈ ಉರಿಸುತ್ತಿದ್ದರೂ, ಮೂಗು ಮುರಿಯುವ ಹಾಗಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಮಗ ಕರೆದಾಗಲೆಲ್ಲ, ವಯಸ್ಸಿನ ಕಣ್ಣಿಗೆ ಯಾವ ಡಾಕ್ಟರು ಎಂದು ತಳ್ಳಿಹಾಕಿದಳು.

"ಅಮ್ಮನ್ನ ಚೆನ್ನಾಗಿ ನೋಡ್ಕೋ" ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

"ನೋಡ್ಕೊಳ್ದೇ ಇರ್ತೀನಾ" ಎನ್ನುತ್ತಿದ್ದಳು ಅವಳು.

ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಸೊಸೆ ತುತ್ತು ಕೈಗೆ ಸಿಗುವ ಹಾಗೆ ಅತ್ತೆಯ ತಟ್ಟೆಯನ್ನು ಹತ್ತಿರ ಸರಿಸಿ, ಎದುರಿಗೆ ಬಂದು ಕೂತಳು. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಸೊಸೆ ಮೊಣಕೈಗಳನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಅತ್ತೆಯ ಮೂಗಿನ ಮುಂದೆ ತನ್ನ ನಾಲಿಗೆಯನ್ನು ಬುಡದವರೆಗೂ ಹೊರಗೆ ಚಾಚಿದಳು. ಚಾಚಿ ಹಾಗೇ ಇಟ್ಟುಕೊಂಡಳು. ಭೂಮಿತಾಯಿಗೆ ಮೈಯೆಲ್ಲ ಹೊತ್ತಿ ಉರಿಯಿತು. ಕೈ ಎತ್ತಿ ಒಂದು ಬಾರಿಸಲೇ ಎನ್ನಿಸಿತು.

ಮಗ ತಲೆಯೆತ್ತುವಷ್ಟರಲ್ಲಿ ನಾಲಿಗೆ ಒಳಗೆ ಹೋಗಿತ್ತು. ತಾಯಿಯ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಅವನು ಅವಳ ಬೆನ್ನು ಸವರಿದ.

"ಏನಮ್ಮಾ? ಏನಾದ್ರೂ ಕಾಣ್ತಾ?"

"ಇಲ್ಲಪ್ಪ" ಎಂದಳು ಭೂಮಿತಾಯಿ, ಸೊಸೆಯ ಮುಖವನ್ನೇ ನೋಡುತ್ತ. "ಏನೂ ಕಾಣ್ತಿಲ್ಲ."