ತಡವಾಗಿ ಹೂ ಬಿಡುವ ಅಲಸಂದೆ

ಮೇವಿನ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಅವರನ್ನು ಎಲ್ಲರೂ ಬಳ್ಳಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೆಚ್ಚು ಸೊಪ್ಪು ಕೊಡುವ ಅಲಸಂದೆ ತಳಿಗಾಗಿ ಇಪ್ಪತ್ತೆರಡು ವರ್ಷ ಮಣ್ಣು ಹೊತ್ತವರು, ಅಷ್ಟೇ.

ಆ ವರ್ಷವೂ ತೂಕದ ಪಟ್ಟಿ ಹಳೇ ರಾಗವನ್ನೇ ಹಾಡಿತು. ನಲವತ್ತು ತಳಿಗಳ ಹಸಿ ಮೇವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

"ತಪ್ಪು ತಿಳ್ಕೋಬೇಡಿ ಸರ್," ಅಂದಳು ಹೊಸದಾಗಿ ಸೇರಿದ್ದ ಸಹಾಯಕ ವಿಜ್ಞಾನಿ. "ನಮ್ಮ ನಲವತ್ತೂ ದಾಯಾದಿಗಳೇ. ಅವುಗಳೊಳಗೇ ಕೊಟ್ಟು ತಂದ್ರೆ ಹೊಸದು ಎಲ್ಲಿಂದ ಹುಟ್ಟುತ್ತೆ? ಹೊರಗಿನ ರಕ್ತ ಬೇಕು."

ಅದು ಎಲ್ಲಿದೆ ಅನ್ನುವುದು ಮೇಷ್ಟ್ರಿಗೆ ಗೊತ್ತಿತ್ತು. ಅಮ್ಮ ಹಸುವಿಗೆಂದು ಬೇಲಿಗೆ ಹಬ್ಬಿಸುತ್ತಿದ್ದ ಬಳ್ಳಿ. ಅಂಗೈ ಅಗಲದ ಎಲೆ. ಉಳಿದ ಬಳ್ಳಿಗಳು ಕಾಯಿ ಬಿಟ್ಟು ಒಣಗಿದರೂ ಇದು ಹೂವಿನ ಯೋಚನೆಯೇ ಇಲ್ಲದೆ ಹಸಿರಾಗಿರುತ್ತಿತ್ತು. ಅದರ ಬೀಜ ಇದ್ದರೆ ಅಕ್ಕನ ಹತ್ತಿರ. ಅಕ್ಕ ಮಾತು ಬಿಟ್ಟು ಹನ್ನೊಂದು ವರ್ಷ.

ಅಲಸಂದೆ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಹನ್ನೊಂದು ವರ್ಷದ ಹಿಂದೆ, ಅಮ್ಮನಿಗೆ ಕಾಯಿಲೆ ಜೋರಾಗಿದೆ, ಬೇಗ ಬಾ ಅಂತ ಅಕ್ಕ ಫೋನು ಮಾಡಿದ ಬೆಳಗ್ಗೆ, ಹಿಂದಿನ ಸಂಜೆಯೇ ಕೇಸರ ಕಿತ್ತಿಟ್ಟಿದ್ದ ಅರವತ್ತು ಮೊಗ್ಗುಗಳು ಪರಾಗಕ್ಕೆ ಕಾದಿದ್ದವು. ಎರಡು ಗಂಟೆ ಕೆಲಸ, ಮುಗಿಸಿ ಹೊರಟರಾಯಿತು ಅಂದುಕೊಂಡರು. ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ.

"ಹೂವು ನೋಡ್ಕೊಂಡು ಬಂದ್ಯಾ?" ಅಕ್ಕ ಕೇಳಿದ್ದು ಅಷ್ಟೇ. ಆ ಅರವತ್ತರಿಂದ ಹುಟ್ಟಿದ ಗಿಡಗಳೂ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಮೂರು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸಾದ ಮೇಷ್ಟ್ರು ನಾಲ್ಕನೇ ಸಲ ಬಸ್ಸು ಹತ್ತಿಯೇಬಿಟ್ಟರು.

ಅಕ್ಕ ತನ್ನ ಹೊಲಿಗೆ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿ ಥೇಟ್ ಅಮ್ಮನ ಹಾಗೆ ಕಂಡಳು.

"ಅಕ್ಕಾ, ಅಮ್ಮನ ಅಲಸಂದೆ ಬೀಜ..."

"ಬೀಜಕ್ಕೆ ಬಂದ್ಯಾ?"

"ಹೂಂ, ಬೀಜಕ್ಕೇ. ಅದೊಂದು ನೆಪ ಇಲ್ದಿದ್ರೆ ಬರೋಕೆ ಧೈರ್ಯವೇ ಆಗ್ತಿರ್ಲಿಲ್ಲ."

ಮೆಷಿನ್ ನಿಂತಿತು. ಅಕ್ಕ ಒಳಗೆ ಹೋಗಿ ಚಿಂದಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ ತಂದಿಟ್ಟಳು. "ವರ್ಷಾ ವರ್ಷಾ ಹಿತ್ತಲಲ್ಲಿ ಹಾಕ್ತೀನಿ. ಪಕ್ಕದ ಮನೆ ಮೇಕೆ ತಿನ್ನುತ್ತೆ." ಕೂತ್ಕೋ ಅನ್ನಲಿಲ್ಲ.

ಅಮ್ಮನ ಬಳ್ಳಿ ಹೂ ಬಿಡುವುದು ತಡ. ಹಾಗಾಗಿ ಕೇಂದ್ರದ ತಳಿಗಳನ್ನು ಮೂರು ಕಂತಿನಲ್ಲಿ ಬಿತ್ತಿ, ಎರಡೂ ಒಟ್ಟಿಗೆ ಅರಳುವಂತೆ ಹೊಂದಿಸಿ ಅಡ್ಡತಳಿ ಮಾಡಿದರು. ಎರಡನೇ ಪೀಳಿಗೆಯಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ: ಒಂದು ನೆಟ್ಟಗೆ, ಒಂದು ತೆವಳುವುದು, ಒಂದಕ್ಕೆ ಎಲೆಯೇ ಎಲೆ. "ಈಗ ಆರಿಸೋಕೆ ಏನಾದ್ರೂ ಇದೆ ಸರ್!" ಅಂತ ಸಹಾಯಕಿ ಸಾಲುಗಳ ನಡುವೆ ಓಡಾಡಿದಳು. ಆರಿಸುತ್ತ ಆರಿಸುತ್ತ ಆರನೇ ವರ್ಷಕ್ಕೆ, ಹಳೆಯ ತಳಿ ಎರಡು ಹೊರೆ ಕೊಟ್ಟ ಜಾಗದಲ್ಲಿ ಹೊಸದು ಮೂರು ಹೊರೆ ಕೊಟ್ಟಿತು.

ಪ್ರತಿ ಬೆಳೆಗೂ ಮೇಷ್ಟ್ರು ಅಕ್ಕನಿಗೆ ಕಾಗದ ಬರೆದರು. ಒಂದಕ್ಕೂ ಉತ್ತರವಿಲ್ಲ. ಆದರೆ ಆ ವರ್ಷ ಒಂದು ಬೆಳಗ್ಗೆ, ಹೇಳದೆ ಕೇಳದೆ ಅಕ್ಕನೇ ಬಂದಿಳಿದಳು.

ಸಾಲು ಸಾಲು ನಡೆದಳು. "ಇದ್ಯಾಕೆ ಇಷ್ಟು ಕುಳ್ಳು?"

"ಅದಕ್ಕೆ ಕೇಂದ್ರದವರ ಕಡೆ ಹೋಲಿಕೆ."

"ಇದು ನಮ್ಮ ಕಡೆ," ಅಂತ ಅಗಲ ಎಲೆಯೊಂದನ್ನು ಸವರಿದಳು. ಎಲೆಯಿಂದ ಕೈ ತೆಗೆಯದೆ ಅಂದಳು, "ಅಮ್ಮ ಅವತ್ತು ಬಾಗಿಲನ್ನೇ ನೋಡ್ತಿದ್ಲು. ಬರ್ತಾನೆ ಬರ್ತಾನೆ ಅಂತ ನಾನು ಹೇಳ್ತಾನೇ ಇದ್ದೆ ಕಣೋ."

ಹೇಳು, ಇನ್ನೂ ಹೇಳು, ಬೈದರೂ ಸರಿ ಅಂತ ಮೇಷ್ಟ್ರ ಜೀವ ಹಂಬಲಿಸಿತು. ಅಕ್ಕ ಮುಂದಿನ ಸಾಲಿಗೆ ನಡೆದಳು.

ಸಂಜೆ ಅವಳ ಚೀಲ ಹಿಡಿದು ನಿಲ್ದಾಣಕ್ಕೆ ಬಂದರು. ಯಾವತ್ತೂ ಅರ್ಧ ಗಂಟೆ ತಡವಾಗುವ ಬಸ್ಸು ಅವತ್ತು ಸರಿಯಾದ ಹೊತ್ತಿಗೇ ಬಂತು. ಕಿಟಕಿಯಿಂದ ಅಕ್ಕ, "ಬರ್ತೀನಿ," ಅಂದಳು.

ಹೊರಟವರೆಲ್ಲ ಆಡುವ ಮಾತು ಅದು. ಆದರೂ ಧೂಳು ಅಡಗಿದ ಮೇಲೂ ಮೇಷ್ಟ್ರು ಅಲ್ಲೇ ನಿಂತು, ಆ ಮಾತನ್ನು ಹೇಗಾದರೂ ಮಾಡಿ ನಿಜವೆಂದು ನಂಬಲು ನೋಡುತ್ತಿದ್ದರು.